ವಕೀಲರಿಂದ ಫೈಲ್ ಬಿಡಿಸಿಕೊಳ್ಳುವುದೇ ದೊಡ್ಡ ಕೇಸು

ಮಾನ್ಯ ಸಂಪಾದಕರೇ,

ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರಿಲ್ಲದೆ ಒಬ್ಬರೇ ನಿಂತವರನ್ನು ಕಂಡರೆ ಅಕ್ಕಪಕ್ಕದವರಿಗೆ ಎರಡೇ ಯೋಚನೆ ಬರುತ್ತದೆ. ಒಂದು, ಪಾಪ ದುಡ್ಡಿಲ್ಲ. ಇನ್ನೊಂದು, ತಲೆ ಸರಿ ಇಲ್ಲ. ಇವೆರಡೂ ಅಲ್ಲದೆ, ದುಡ್ಡು ಕೊಟ್ಟು ವಕೀಲರನ್ನು ಇಟ್ಟುಕೊಂಡು, ಅವರ ಮೇಲೆ ನಂಬಿಕೆ ಪೂರ್ತಿ ಹೋದ ಮೇಲೆ ಇನ್ನು ನಾನೇ ನೋಡಿಕೊಳ್ತೀನಿ ಅಂತ ನಿಂತವರೂ ಇದ್ದಾರೆ. ನಾನು ಆ ಸಾಲಿನವಳು. ನನ್ನ ವಿಚ್ಛೇದನದ ಕೇಸನ್ನು ನಡುವಿನಿಂದ ಕೊನೆಯವರೆಗೆ ನಾನೇ ನಡೆಸಿದೆ. ಹಾಗೆ ನೋಡಿದರೆ ಗಂಡನಿಂದ ಬಿಡುಗಡೆ ಪಡೆಯುವುದಕ್ಕಿಂತ ವಕೀಲರಿಂದ ಬಿಡುಗಡೆ ಪಡೆಯುವುದೇ ಜಾಸ್ತಿ ಕಷ್ಟವಾಯಿತು. ಈ ಪತ್ರ ಅದರ ಬಗ್ಗೆಯೇ.

ಮದುವೆ ಯಾಕೆ ಮುರಿಯಿತು ಅಂತ ಇಲ್ಲಿ ಹೇಳುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಪ್ರಕಾರ ಇಂಥ ಕೇಸುಗಳ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕು, ಅದರ ವಿವರವನ್ನು ಯಾರೂ ಅಚ್ಚು ಹಾಕುವಂತಿಲ್ಲ. ನನಗೂ ಅದೇ ಬೇಕು. ವಕೀಲರ ಹೆಸರು, ಕೋರ್ಟಿನ ಹೆಸರೂ ಬೇಡ. ಒಬ್ಬರ ಮೇಲೆ ಸೇಡು ತೀರಿಸಿಕೊಳ್ಳಲು ಪತ್ರಿಕೆಯ ಜಾಗ ಕೇಳುತ್ತಿಲ್ಲ.

ನಂಬಿಕೆ ಒಂದೇ ದಿನಕ್ಕೆ ಹೋಗುವುದಿಲ್ಲ ಅಲ್ವಾ. ಮೊದಲು ಫೋನ್ ಎತ್ತುವುದು ನಿಲ್ಲುತ್ತದೆ. ಆಮೇಲೆ ಜೂನಿಯರ್ ಮೂಲಕ ಮಾತು. "ಏನಾಯ್ತು ಸಾರ್" ಅಂದರೆ "ವಾಯಿದೆ ಆಯ್ತಮ್ಮ, ಮುಂದಿನ ಡೇಟ್ ಹೇಳ್ತೀವಿ" ಅಷ್ಟೇ. ಯಾಕೆ ವಾಯಿದೆ ಆಯ್ತು, ಯಾರು ಕೇಳಿದರು, ಎದುರು ಪಾರ್ಟಿ ಬಂದಿದ್ದರಾ, ಏನೂ ಇಲ್ಲ. ನನಗೆ ತಿಳಿದವರೊಬ್ಬರು ಇ-ಕೋರ್ಟ್ಸ್ ಆ್ಯಪ್ ತೋರಿಸಿದರು. ಪ್ರತಿ ಕೇಸಿಗೂ ಹದಿನಾರು ಅಕ್ಷರ-ಅಂಕಿಗಳ ಒಂದು ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ಹಾಕಿದರೆ ಕೇಸು ಯಾವ ಹಂತದಲ್ಲಿದೆ, ಹಿಂದೆ ಯಾವ್ಯಾವ ದಿನ ಏನಾಯಿತು, ಮುಂದಿನ ದಿನಾಂಕ ಯಾವುದು ಎಲ್ಲ ಬರುತ್ತದೆ, ಒಂದು ಪೈಸೆ ಖರ್ಚಿಲ್ಲ. ಆ ನಂಬರ್ ನನಗೆ ಯಾರೂ ಕೊಟ್ಟಿರಲಿಲ್ಲ, ಹೆಸರು ಹಾಕಿ ಹುಡುಕಿದೆ. ತೆರೆದು ನೋಡಿದರೆ ನನಗೆ "ವಾಯಿದೆ ಆಯ್ತು" ಅಂತ ಹೇಳಿದ್ದ ದಿನದ ಎದುರಿಗೆ ಬರೆದಿದ್ದದ್ದು ಬೇರೆಯೇ. ಅರ್ಜಿದಾರರು ಗೈರು, ಅವರ ವಕೀಲರೂ ಗೈರು, ಕೊನೆಯ ಅವಕಾಶ.

ಕೊನೆಯ ಅವಕಾಶ ಅನ್ನುವುದು ಸುಮ್ನೆ ಬರೆಯುವ ಮಾತಲ್ಲ. ಅರ್ಜಿ ಹಾಕಿದವರು ಬರದಿದ್ದರೆ ಕೋರ್ಟ್ ಅರ್ಜಿಯನ್ನೇ ವಜಾ ಮಾಡಬಹುದು. ಮತ್ತೆ ಜೀವ ಕೊಡಬೇಕಾದರೆ ಮೂವತ್ತು ದಿನದೊಳಗೆ ಸರಿಯಾದ ಕಾರಣ ಕೊಟ್ಟು ಇನ್ನೊಂದು ಅರ್ಜಿ ಹಾಕಬೇಕು. ವಜಾ ಆಗಿದ್ದೇ ನಿಮಗೆ ಗೊತ್ತಿಲ್ಲದಿದ್ದರೆ ಆ ಮೂವತ್ತು ದಿನ ಯಾವಾಗ ಶುರುವಾಗಿ ಯಾವಾಗ ಮುಗಿಯಿತು ಅಂತ ಯಾರಿಗೆ ಗೊತ್ತು? ಎದುರು ಪಾರ್ಟಿಯಾಗಿದ್ದರೆ ಇನ್ನೂ ಕೆಟ್ಟದು, ನಿಮ್ಮ ಮಾತೇ ಕೇಳದೆ ಎಕ್ಸ್‌ಪಾರ್ಟಿ ತೀರ್ಪು ಬಂದುಬಿಡಬಹುದು.

ಆದರೂ ಗೈರುಹಾಜರಿಯನ್ನು ಹೇಗೋ ನುಂಗಿಕೊಂಡಿದ್ದೆ. ಎರಡು ವಿಷಯ ನುಂಗಲಾಗಲಿಲ್ಲ. ಒಂದು, ಶಾಶ್ವತ ಜೀವನಾಂಶಕ್ಕೆ ಇಷ್ಟು ಕೊಟ್ಟರೆ ನಮ್ಮ ಪಾರ್ಟಿ ಒಪ್ಪುತ್ತಾರೆ ಅಂತ ನನ್ನನ್ನು ಕೇಳದೆ ಎದುರಿನ ವಕೀಲರಿಗೆ ಒಂದು ಮೊತ್ತ ಹೇಳಿಬಿಟ್ಟಿದ್ದರು. ಅದು ನನಗೆ ಗೊತ್ತಾಗಿದ್ದು ಗಂಡನ ಕಡೆಯಿಂದ! ಇನ್ನೊಂದು ಆಸ್ತಿ-ಆದಾಯದ ಅಫಿಡವಿಟ್. ಜೀವನಾಂಶದ ಪ್ರಶ್ನೆ ಇರುವ ಕೇಸಿನಲ್ಲಿ ಇಬ್ಬರೂ ತಮ್ಮ ಆದಾಯ, ಖರ್ಚು, ಆಸ್ತಿ, ಸಾಲ ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ ಹೇಳಿದೆ, ಅದಕ್ಕೆ ನಮೂನೆಯನ್ನೂ ಕೊಟ್ಟಿದೆ. ನನ್ನ ಸಹಿಗೆ ಅಂತ ಇಟ್ಟಿದ್ದ ಅಫಿಡವಿಟ್‌ನಲ್ಲಿ ಮೊದಲ ಪುಟದ ಹೆಸರು ನನ್ನದು. ಮೂರನೇ ಪುಟದಲ್ಲಿ ನನಗೆ ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಅವರ ಫೀಸಿನ ಲೆಕ್ಕ ಬೇರೆ. ನನಗೆ ಮಕ್ಕಳೇ ಇಲ್ಲ. ಯಾರದ್ದೋ ಕೇಸಿನ ಕಾಗದದಲ್ಲಿ ಹೆಸರು ಬದಲಿಸಿದ್ದಾರೆ ಅಷ್ಟೇ. ಇದಕ್ಕೆ ಸಹಿ ಹಾಕಿದ್ದರೆ ಪ್ರಮಾಣ ಮಾಡಿ ಸುಳ್ಳು ಹೇಳಿದವಳು ನಾನಾಗುತ್ತಿದ್ದೆ, ಅವರಲ್ಲ. ಕೇಳಿದರೆ "ಟೈಪಿಸ್ಟ್ ತಪ್ಪು ಬಿಡಿ, ಕೊನೇ ಪೇಜಲ್ಲಿ ಸಹಿ ಮಾಡಿ ಹೋಗಿ, ಸರಿ ಮಾಡ್ಸಿ ಹಾಕ್ತೀವಿ" ಅಂದರು. ಸಹಿ ಹಾಕಲಿಲ್ಲ, ಎದ್ದು ಬಂದೆ.

ಬೇರೆ ವಕೀಲರನ್ನು ಹಿಡಿಯೋಣ ಅಂತ ಹೋದರೆ ಎಲ್ಲರದ್ದೂ ಒಂದೇ ಮಾತು. ಮೊದಲು ಹಳೆಯ ವಕೀಲರಿಂದ ನೋ ಅಬ್ಜೆಕ್ಷನ್ ತನ್ನಿ. ಹಳೆಯವರು ಹೇಳುವುದು, ಮೊದಲು ಬಾಕಿ ಫೀಸು ಚುಕ್ತಾ ಮಾಡಿ, ಆಮೇಲೆ ಸಹಿ, ಆಮೇಲೆ ಫೈಲು. ಬಾಕಿ ಎಷ್ಟು ಅಂತ ಬರೆದು ಕೊಡಿ ಅಂದರೆ ಅದೂ ಇಲ್ಲ. ಎಷ್ಟೋ ಜನ ಈ ಹಂತದಲ್ಲಿ ಸೋತು, ನಂಬಿಕೆಯಿಲ್ಲದ ವಕೀಲರ ಜೊತೆಯಲ್ಲೇ ವರ್ಷಗಟ್ಟಲೆ ಏಗುತ್ತಾರೆ. ಹಾಗಾಗಿ ನಾನು ತಿಳಿದುಕೊಂಡಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೋ ಅಬ್ಜೆಕ್ಷನ್ ಅನ್ನುವುದು ವಕೀಲ ವಕೀಲರ ನಡುವಿನ ಶಿಸ್ತು. ಒಬ್ಬರ ವಕಾಲತ್ತು, ಅಂದರೆ ಕಕ್ಷಿದಾರರ ಪರ ನಿಲ್ಲಲು ಕೊಟ್ಟ ಅಧಿಕಾರಪತ್ರ, ಇರುವ ಕೇಸಿಗೆ ಇನ್ನೊಬ್ಬ ವಕೀಲರು ಬರಬೇಕಾದರೆ ಹಳೆಯವರ ಒಪ್ಪಿಗೆ ಬೇಕು ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ ಹೇಳುತ್ತದೆ. ಒಪ್ಪಿಗೆ ಸಿಗದಿದ್ದರೆ ಕಾರಣ ಹೇಳಿ ಕೋರ್ಟಿನ ಅನುಮತಿ ಪಡೆದು ಬರಬಹುದು ಅಂತಲೂ ಅದೇ ನಿಯಮದಲ್ಲಿದೆ, ಈ ಅರ್ಧವನ್ನು ಮಾತ್ರ ಯಾರೂ ಹೇಳುವುದಿಲ್ಲ. ಇನ್ನು ಕಕ್ಷಿದಾರರ ವಿಷಯಕ್ಕೆ ಬಂದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ ಪ್ರಕಾರ ಕೋರ್ಟಿನ ಅನುಮತಿ ಪಡೆದು, ಲಿಖಿತವಾಗಿ ಸಹಿ ಮಾಡಿ ಸಲ್ಲಿಸಿ ವಕಾಲತ್ತನ್ನು ಕೊನೆಗೊಳಿಸಬಹುದು. ಆ ಸಹಿ ವಕೀಲರದ್ದೇ ಆಗಬೇಕೆಂದಿಲ್ಲ, ಕಕ್ಷಿದಾರರದ್ದಾದರೂ ಸಾಕು. ವಕೀಲರು ಮುನಿಸಿಕೊಂಡರೆ ನಿಮ್ಮ ಕೇಸು ಅವರ ಒತ್ತೆಯಾಳು ಆಗುವುದಿಲ್ಲ.

ಫೈಲಿನದ್ದೂ ಅಷ್ಟೇ. ಫೀಸು ಬಾಕಿ ಇದೆ ಅಂತ ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಕೇಳಿದಾಗ ಕೊಡದಿದ್ದರೆ ಅದು ವೃತ್ತಿ ದುರ್ನಡತೆ ಅಂತ ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲಿ ಆರ್.ಡಿ. ಸಕ್ಸೇನಾ ವಿರುದ್ಧ ಬಲರಾಂ ಪ್ರಸಾದ್ ಶರ್ಮಾ ಕೇಸಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಬಾಕಿ ನಿಜವಾಗಿ ಇದ್ದರೆ ಅದನ್ನು ವಸೂಲು ಮಾಡುವ ದಾರಿ ಬೇರೆ ಇದೆ. ನಾನು ಜಗಳ ಆಡಲಿಲ್ಲ. ಒಂದು ಪುಟದ ಪತ್ರ ಬರೆದೆ. ಇಂತಿಂಥ ದಾಖಲೆಗಳು ನಿಮ್ಮಲ್ಲಿವೆ, ಇಷ್ಟರೊಳಗೆ ವಾಪಸ್ ಕೊಡಿ, ಈವರೆಗೆ ಕೊಟ್ಟ ಹಣಕ್ಕೆ ಲೆಕ್ಕ ಕೊಡಿ, ಇನ್ನು ಮುಂದೆ ನನ್ನ ಪರವಾಗಿ ಯಾವ ರಾಜಿ ಮಾತನ್ನೂ ಆಡಬೇಡಿ. ಕೆಳಗೆ ಆ ತೀರ್ಪಿನ ಹೆಸರು ಮತ್ತು ವರ್ಷ. ಅಂಚೆಯಲ್ಲೂ ಕಳಿಸಿದೆ, ಇಮೇಲ್‌ನಲ್ಲೂ ಕಳಿಸಿದೆ. ಫೋನ್‌ನಲ್ಲಿ ಸಿಗದವರು ಆ ಪತ್ರಕ್ಕೆ ಸಿಕ್ಕರು. ಜೂನಿಯರ್ ಕೈಲಿ ಫೈಲು ಬಂತು, ಮದುವೆ ನೋಂದಣಿಯ ಅಸಲು ಪ್ರತಿಯೂ ಸೇರಿ. ಆ ಹುಡುಗ ಪಾಪ, ಮುಖ ಎತ್ತಿ ನೋಡಲಿಲ್ಲ.

ವಕೀಲರ ಪರಿಷತ್ತಿಗೆ ದೂರು ಕೊಡಬೇಕಿತ್ತು ಅಂತ ಎಲ್ಲರೂ ಹೇಳಿದರು. 1961ರ ವಕೀಲರ ಕಾಯ್ದೆಯ 35ನೇ ಕಲಂ ಅದಕ್ಕೇ ಇರುವುದು. ನಾನು ಕೊಡಲಿಲ್ಲ. ಒಂದು ಕೇಸು ಮುಗಿಸಲು ಹೊರಟವಳಿಗೆ ಇನ್ನೊಂದು ಶುರು ಮಾಡುವ ಶಕ್ತಿ ಇರಲಿಲ್ಲ. ಕೊಡುವವರು ಕೊಡಲಿ, ಅವರ ಪರ ನಾನಿದ್ದೇನೆ.

ಇನ್ನು ಕೋರ್ಟಿನ ಒಳಗಿನ ಮಾತು. ವಕೀಲರಿಲ್ಲದೆ ನಿಲ್ಲಬಹುದಾ ಅಂತ ಹೆದರುವವರಿಗೆ ಒಂದು ವಿಷಯ ಹೇಳಬೇಕು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಂ ಓದಿದರೆ ಆಶ್ಚರ್ಯವಾಗುತ್ತದೆ. ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಯಾರ ಹಕ್ಕೂ ಅಲ್ಲ! ಗಂಡ ಹೆಂಡತಿ ನೇರವಾಗಿ ಬಂದು ನ್ಯಾಯಾಧೀಶರ ಮುಂದೆ ಮಾತಾಡಲಿ ಅಂತಲೇ ಆ ಕೋರ್ಟ್ ಮಾಡಿದ್ದು. ಕಾನೂನಿನ ತೊಡಕು ಬಂದರೆ ಕೋರ್ಟೇ ಒಬ್ಬ ಕಾನೂನು ತಜ್ಞರ ನೆರವು ಪಡೆಯಬಹುದು. ಸಾಕ್ಷ್ಯದ ನಿಯಮಗಳನ್ನೂ 14ನೇ ಕಲಂನಲ್ಲಿ ಸಡಿಲ ಮಾಡಿದ್ದಾರೆ. ಮೊದಲು ರಾಜಿ ಮಾಡಿಸಲು ಪ್ರಯತ್ನ ಪಡಬೇಕು ಅನ್ನುವುದು 9ನೇ ಕಲಂ. ಆದರೆ ಇವತ್ತು ಹೋಗಿ ನೋಡಿ, ಎರಡೂ ಕಡೆ ಕರಿ ಕೋಟು, ಗಂಡ ಹೆಂಡತಿ ಹಿಂದಿನ ಬೆಂಚಿನಲ್ಲಿ. ವಕಾಲತ್ತಿಗೆ ಅನುಮತಿ ಕೊಡುವುದು ಎಷ್ಟು ಸಹಜವಾಗಿಬಿಟ್ಟಿದೆ ಅಂದರೆ, ಕಾಯ್ದೆ ಯಾರಿಗೆ ಅಂತ ಮಾಡಿದ್ದೋ ಅವರೇ ಅಲ್ಲಿ ಹೊರಗಿನವರ ಹಾಗೆ ಕಾಣುತ್ತಾರೆ.

ಹೆಸರು ಕೂಗಿದಾಗ ಎದ್ದು ಮುಂದೆ ಹೋದೆ. "ಎಲ್ಲಮ್ಮಾ ನಿಮ್ಮ ವಕೀಲರು?" ಅಂತ ಬೆಂಚ್ ಕ್ಲರ್ಕ್ ಕೇಳಿದರು. ಇನ್ನು ಮುಂದೆ ನಾನೇ ಸ್ವಾಮಿ, ಅಂತ ಮೆಮೊ ಕೊಟ್ಟೆ. ಎದುರಿನ ವಕೀಲರು ಸಣ್ಣಗೆ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಬೇಕಾ ಅಂತ ಕೇಳಿದರು, ಈಗ ಬೇಡ, ಬೇಕಾದಾಗ ಕೇಳುತ್ತೇನೆ ಅಂದೆ. ಸರಿ ಅಂತ ಬರೆಸಿಕೊಂಡರು. ಹೆದರಿದಷ್ಟು ದೊಡ್ಡ ವಿಷಯ ಏನೂ ಆಗಲಿಲ್ಲ. ಆಮೇಲೂ ನ್ಯಾಯಾಧೀಶರು ಗದರಿದ್ದು ಒಮ್ಮೆ ಮಾತ್ರ, ಎದುರಿನವರು ಮಾತಾಡುವಾಗ ನಾನು ನಡುವೆ ಬಾಯಿ ಹಾಕಿದ್ದಕ್ಕೆ. ಅದು ನ್ಯಾಯವಾದ ಗದರಿಕೆಯೇ.

ಕೆಲಸ ಇರುವುದು ಕೋರ್ಟಿನ ಹೊರಗೆ. ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ಆರ್ಡರ್ ಶೀಟಿನ (ಪ್ರತಿ ದಿನಾಂಕಕ್ಕೂ ಕೋರ್ಟಿನಲ್ಲಿ ಏನಾಯಿತು ಅಂತ ಬರೆದಿಡುವ ಹಾಳೆ) ದೃಢೀಕೃತ ನಕಲು ಪೂರ್ತಿ ತೆಗೆಸಿ ಓದಬೇಕು. ವಕೀಲರು ಹೇಳಿದ ಕಥೆ ಒಂದು, ಆರ್ಡರ್ ಶೀಟ್ ಹೇಳುವ ಕಥೆ ಇನ್ನೊಂದು. ಏನೇ ಹಾಕಿದರೂ ಮೂರು ಪ್ರತಿ: ಕೋರ್ಟಿಗೆ, ಎದುರಿನವರಿಗೆ, ನಮಗೆ. ನಮ್ಮ ಪ್ರತಿಯ ಮೇಲೆ ಸೀಲು, ಎದುರಿನವರು ತೆಗೆದುಕೊಂಡಿದ್ದಕ್ಕೆ ಸಹಿ. ವಾಟ್ಸ್‌ಆ್ಯಪ್ ಮೆಸೇಜು ಪ್ರಿಂಟ್ ತೆಗೆದು ಕೊಟ್ಟರೆ ಮುಗಿಯಿತು ಅಂತ ನಾವು ಅಂದುಕೊಂಡಿರುತ್ತೇವೆ. ಅದಕ್ಕೊಂದು ಪ್ರಮಾಣಪತ್ರ ಬೇಕು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನಲ್ಲಿ ಅದರ ನಮೂನೆಯ ವಿಷಯ ಇದೆ. ಆಸ್ತಿ-ಆದಾಯದ ಅಫಿಡವಿಟ್ ನಾನೇ ತುಂಬಿದೆ, ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಂಡು. ಕಷ್ಟದ ಕೆಲಸ ಅಲ್ಲ, ಬೇಜಾರಿನ ಕೆಲಸ. ಆದರೆ ಅದನ್ನು ತುಂಬುವಾಗಲೇ ನನಗೆ ನಿಜವಾಗಿ ಎಷ್ಟು ಬೇಕು, ಎಷ್ಟು ಕೇಳುವುದು ನ್ಯಾಯ ಅನ್ನುವ ಅಂದಾಜು ಬಂದಿದ್ದು. ವಕೀಲರು ಬಾಯಿಗೆ ಬಂದ ಹಾಗೆ ಹೇಳಿದ್ದ ಮೊತ್ತಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ನನಗಿದ್ದ ದೊಡ್ಡ ಭಯ ಪಾಟೀ ಸವಾಲಿನದ್ದು. ಜೊತೆಯಲ್ಲಿ ಬಾಳಿದ ಮನುಷ್ಯನನ್ನು ಕಟಕಟೆಯಲ್ಲಿ ನಿಲ್ಲಿಸಿ ಎದುರಿಗೆ ನಿಂತು ಪ್ರಶ್ನೆ ಕೇಳುವುದು ಕಾನೂನು ಓದಿದರೆ ಬರುವ ವಿದ್ಯೆಯಲ್ಲ. ಪ್ರಶ್ನೆ ಕೇಳಲು ಹೋಗಿ ಜಗಳಕ್ಕೆ ನಿಲ್ಲುತ್ತೇವೆ. ಅದರ ಹೊತ್ತು ಬರುವ ಮೊದಲೇ ಕೇಸು ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಯಿತು, ಅಲ್ಲಿ ದಿಕ್ಕು ಬದಲಾಯಿತು. ಒಂದು ಮೇಜಿನ ಸುತ್ತ ಕೂತು, ನಡುವೆ ಒಬ್ಬ ಮಧ್ಯಸ್ಥರು, ಮೊದಲ ಬಾರಿಗೆ ನಾವಿಬ್ಬರೂ ನಮ್ಮ ಬಾಯಿಂದಲೇ ಮಾತಾಡಿದೆವು. ಅವರಿಗೂ ಬೇಕಾಗಿದ್ದು ಬಿಡುಗಡೆಯೇ. ವರ್ಷಗಳಿಂದ ವಕೀಲರ ಬಾಯಲ್ಲಿ ಇಬ್ಬರೂ ರಾಕ್ಷಸರಾಗಿದ್ದೆವು ಅಷ್ಟೇ.

ಅಲ್ಲಿಂದ ಮುಂದೆ ಪರಸ್ಪರ ಒಪ್ಪಿಗೆಯ ವಿಚ್ಛೇದನ, ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ. ಬೇರೆ ಕಾಯ್ದೆಯಡಿ ಮದುವೆಯಾದವರಿಗೆ ಕಲಂ ಬೇರೆ ಇರುತ್ತದೆ. ಒಂದು ವರ್ಷವಾದರೂ ಬೇರೆ ಬೇರೆ ಇದ್ದಿರಬೇಕು, ಇಬ್ಬರೂ ಸೇರಿ ಅರ್ಜಿ ಹಾಕಬೇಕು, ಆಮೇಲೆ ಆರು ತಿಂಗಳು ಕಾದು, ಹದಿನೆಂಟು ತಿಂಗಳೊಳಗೆ ಎರಡನೇ ಸಲ ಹೋಗಿ ನಮ್ಮ ಮನಸ್ಸು ಬದಲಾಗಿಲ್ಲ ಅಂತ ಹೇಳಬೇಕು. ಆ ಆರು ತಿಂಗಳು ಕಡ್ಡಾಯವಲ್ಲ, ರಾಜಿಯ ದಾರಿ ಪೂರ್ತಿ ಮುಚ್ಚಿದ್ದರೆ, ಜೀವನಾಂಶದಂಥ ಎಲ್ಲ ವಿಷಯ ಇತ್ಯರ್ಥವಾಗಿದ್ದರೆ ಕೋರ್ಟ್ ಅದನ್ನು ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಅಮರ್‌ದೀಪ್ ಸಿಂಗ್ ವಿರುದ್ಧ ಹರ್ವೀನ್ ಕೌರ್ ಕೇಸಿನಲ್ಲಿ ಹೇಳಿದೆ. ಅದಕ್ಕೆ ಬೇರೆ ಅರ್ಜಿ ಹಾಕಿ ಕೇಳಬೇಕು, ತಾನಾಗಿ ಸಿಗುವುದಿಲ್ಲ.

ಇಲ್ಲಿ ಒಂದು ಕಡೆ ಹುಷಾರಾಗಿರಬೇಕು. ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಆಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು. 1991ರ ಸುರೇಷ್ಟಾ ದೇವಿ ಕೇಸಿನಿಂದ ಇದು ಪಕ್ಕಾ. ಹಾಗಾಗಿ ಹಣ ಯಾವ ಕಂತಿನಲ್ಲಿ, ಯಾವ ದಿನ, ಡಿಡಿಯೋ ಬ್ಯಾಂಕ್ ವರ್ಗಾವಣೆಯೋ, ಒಬ್ಬರ ಮೇಲೊಬ್ಬರು ಹಾಕಿದ ಬೇರೆ ಕೇಸುಗಳು ಏನಾಗಬೇಕು, ಒಬ್ಬರ ಹತ್ತಿರ ಇರುವ ಇನ್ನೊಬ್ಬರ ಸಾಮಾನು ಯಾವಾಗ ಕೊಡಬೇಕು, ಇವೆಲ್ಲ ರಾಜಿ ಪತ್ರದಲ್ಲಿ ಒಂದೊಂದಾಗಿ ಬರೆದಿರಬೇಕು. "ಎಲ್ಲ ಇತ್ಯರ್ಥವಾಗಿದೆ" ಅಂತ ಒಂದು ಸಾಲು ಬರೆದು ಮುಗಿಸುವವರು ಇದ್ದಾರೆ, ಬೇಡ. ಯಾಕೆಂದರೆ ಒಪ್ಪಿಗೆಯ ಡಿಕ್ರಿ ಮೇಲೆ ಮೇಲ್ಮನವಿಗೂ ಅವಕಾಶವಿಲ್ಲ. ಈ ಒಂದು ಪತ್ರವನ್ನು ಮಾತ್ರ ನಾನು ಪರಿಚಯದ ಒಬ್ಬ ವಕೀಲೆಗೆ ಫೀಸು ಕೊಟ್ಟು ಓದಿಸಿದೆ. ವಕಾಲತ್ತು ಇಲ್ಲ, ಹಿಯರಿಂಗ್ ಇಲ್ಲ, ಓದಿ ತಪ್ಪು ತೋರಿಸಿ ಅಷ್ಟೇ. ಆಕೆ ಎರಡು ಕಡೆ ಗೀಟು ಹಾಕಿ ತಿದ್ದಿದರು, ಎರಡೂ ಹಣ ಕೊಡುವ ದಿನಕ್ಕೆ ಸಂಬಂಧಿಸಿದ್ದು. ಹೀಗೆ ಬಿಡಿ ಕೆಲಸಕ್ಕೆ ಸಲಹೆ ಕೊಡುವ ವಕೀಲರು ಇನ್ನೂ ಜಾಸ್ತಿ ಇದ್ದಿದ್ದರೆ ಎಷ್ಟು ಜನಕ್ಕೆ ಅನುಕೂಲ! ಪೂರ್ತಿ ಕೇಸು ಕೊಡಿ, ಇಲ್ಲದಿದ್ದರೆ ಬರಬೇಡಿ ಅನ್ನುವವರೇ ಹೆಚ್ಚು.

ಎಲ್ಲರೂ ಹೀಗೆ ಮಾಡಿ ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಮಕ್ಕಳು ಯಾರ ಹತ್ತಿರ ಇರಬೇಕು ಅನ್ನುವ ಜಗಳ ಇದ್ದರೆ, ಆಸ್ತಿ ತಕರಾರು ಇದ್ದರೆ, ಕ್ರಿಮಿನಲ್ ಕೇಸು ಸೇರಿಕೊಂಡಿದ್ದರೆ ಒಬ್ಬರೇ ಹೋಗಬೇಡಿ. ವಕೀಲರನ್ನು ಬದಲಿಸಿ, ವಕೀಲರನ್ನೇ ಬಿಡಬೇಡಿ. ದುಡ್ಡಿನ ಚಿಂತೆಯಾದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಕೇಳುವ ಅರ್ಹತೆ ಇದೆ, ಗಂಡಸರಿಗೆ ಸಾಮಾನ್ಯವಾಗಿ ಆದಾಯದ ಮಿತಿ ನೋಡುತ್ತಾರೆ. 15100 ಅನ್ನುವ ಸಹಾಯವಾಣಿ ಇದೆ. ಉಚಿತ ಅಂದರೆ ಕಳಪೆ ಅಂತ ಮೂಗು ಮುರಿಯುವವರಿಗೆ ನಾನು ಕೇಳುವುದು, ನಾನು ಫೀಸು ಕೊಟ್ಟು ಪಡೆದದ್ದು ಏನು? ಒಳ್ಳೆಯ ವಕೀಲರು ಬೇಕಾದಷ್ಟು ಇದ್ದಾರೆ. ಅವರಿಗೆ ಈ ಪತ್ರ ಓದಿ ಬೇಜಾರಾಗಬಹುದು. ಬೇಜಾರು ಮಾಡಿಕೊಳ್ಳುವ ಬದಲು ಪಕ್ಕದ ಛೇಂಬರಿನವರಿಗೆ ಫೈಲು ವಾಪಸ್ ಕೊಡಲು ಹೇಳಿದರೆ ಉಪಕಾರ.

ಕೊನೆಯ ದಿನ ನ್ಯಾಯಾಧೀಶರು ಒಬ್ಬೊಬ್ಬರನ್ನೇ ಕೇಳಿದರು, ಯಾರ ಒತ್ತಾಯವೂ ಇಲ್ಲ ತಾನೇ, ಹಣ ಬಂದಿದೆ ತಾನೇ. ಬಂದಿದೆ ಅಂದೆ. ಸಹಿ ಹಾಕಿದೆವು. ಡಿಕ್ರಿಯ ದೃಢೀಕೃತ ನಕಲು ಎರಡು ಮೂರು ಜಾಸ್ತಿಯೇ ತೆಗೆದಿಟ್ಟುಕೊಳ್ಳಿ, ಪಾಸ್‌ಪೋರ್ಟು, ಬ್ಯಾಂಕು ಅಂತ ಒಂದಲ್ಲ ಒಂದು ಕಡೆ ಕೇಳುತ್ತಾರೆ.

ಸಂಪಾದಕರೇ, ಇಷ್ಟುದ್ದ ಬರೆದಿದ್ದಕ್ಕೆ ಕಾರಣ, ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರಿಲ್ಲದೆ ಬಂದವರಿಗೆ ಒಂದು ಮೇಜು, ಒಬ್ಬ ಗುಮಾಸ್ತರು ಇರಲಿ. ವಕಾಲತ್ತು ರದ್ದು ಮಾಡುವ ಮೆಮೊ, ಆಸ್ತಿ-ಆದಾಯದ ಅಫಿಡವಿಟ್, ಒಪ್ಪಿಗೆ ವಿಚ್ಛೇದನದ ಅರ್ಜಿ, ಈ ಮೂರರ ನಮೂನೆ ಸರಳ ಕನ್ನಡದಲ್ಲಿ ಅಲ್ಲೇ ಸಿಗಲಿ. 13ನೇ ಕಲಂ ಏನು ಹೇಳುತ್ತದೆ ಅಂತ ಕೋರ್ಟ್ ಹಾಲಿನ ಬಾಗಿಲಲ್ಲಿ ಒಂದು ಬೋರ್ಡು ಹಾಕಲಿ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಇನ್ನೂ ಚಿಕ್ಕದು. ಕೇಸು ದಾಖಲಿಸುವಾಗ ಕೊಟ್ಟ ಮೊಬೈಲ್ ನಂಬರಿಗೆ ಮುಂದಿನ ದಿನಾಂಕದ ಮೆಸೇಜು ಹೋಗುವ ವ್ಯವಸ್ಥೆ ಈಗಲೇ ಇದೆ. ನನ್ನ ಕೇಸಿನಲ್ಲಿ ಅರ್ಜಿದಾರರ ನಂಬರ್ ಅನ್ನುವ ಜಾಗದಲ್ಲಿ ವಕೀಲರ ಆಫೀಸಿನ ನಂಬರ್ ಇತ್ತು. ಮೆಸೇಜೆಲ್ಲ ಅವರಿಗೇ ಹೋಗುತ್ತಿತ್ತು. ಆ ಜಾಗದಲ್ಲಿ ಕಕ್ಷಿದಾರರ ಸ್ವಂತ ನಂಬರ್ ಇಲ್ಲದಿದ್ದರೆ ಅರ್ಜಿಯನ್ನೇ ತೆಗೆದುಕೊಳ್ಳಬಾರದು ಅಂತ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಈಗಾಗಲೇ ಕೇಸು ನಡೆಯುತ್ತಿರುವವರು ಸುತ್ತೋಲೆಗೆ ಕಾಯಬೇಡಿ, ಕಚೇರಿಗೆ ಹೋಗಿ ನಿಮ್ಮ ಕೇಸಿನಲ್ಲಿ ಯಾರ ನಂಬರ್ ಇದೆ ಅಂತ ನಾಳೆಯೇ ಕೇಳಿ.

ಇಂತಿ,
ಹೆಸರು, ಊರು ಪ್ರಕಟಿಸಬೇಡಿ ಎಂದು ಕೋರುವ ನಿಮ್ಮ ಓದುಗಾರ್ತಿ